ಕ್ಯಾಲ್ವಿನ್ ಜಾನ್ಸನ್‌ಗೆ ದೃಷ್ಟಿ ತಾಗಿತ್ತಾ?

ಅಮೆರಿಕದವರು ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುವುದಿಲ್ಲ. ಆದರೆ ದೃಷ್ಟಿ ತಾಗುತ್ತೆ ಅನ್ನೋ ನಂಬಿಕೆಗೆ ಅಲ್ಲೂ ಬರವಿಲ್ಲ. ಕೈಯಲ್ಲಿ ಚೆಂಡು ಹಿಡಿದು ಆಡುವ ಅವರ ಫುಟ್‌ಬಾಲ್‌ನ 'ಮ್ಯಾಡೆನ್' ವಿಡಿಯೊ ಗೇಮ್ ಡಬ್ಬಿಯ ಮೇಲೆ ಯಾರ ಚಿತ್ರ ಬರುತ್ತೋ ಅವರ ಆ ವರ್ಷ ಕೆಟ್ಟಿತು ಎನ್ನುತ್ತಾರೆ. 2012ರಲ್ಲಿ ಬಂದದ್ದು ಡೆಟ್ರಾಯಿಟ್ ಲಯನ್ಸ್ ತಂಡದ ವೈಡ್ ರಿಸೀವರ್ (ಎಸೆದ ಚೆಂಡನ್ನು ಓಡಿ ಹಿಡಿಯುವವನು) ಕ್ಯಾಲ್ವಿನ್ ಜಾನ್ಸನ್ ಚಿತ್ರ. ಹಿಂದಿನ ವರ್ಷ 16 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು) ಹಿಡಿದಿದ್ದವನು ಈ ಸಲ ಹಿಡಿದದ್ದು ಬರೀ 5. ಸರಿ, ಶಾಪ ಅಂದುಬಿಟ್ಟರು.

ಅದೇ ವರ್ಷ ಅವನು ಚೆಂಡು ಹಿಡಿದು ಒಟ್ಟು 1,964 ಗಜ ಗಳಿಸಿ, ಹಿಂದಿನ ರಿಸೀವರ್ ಜೆರ್ರಿ ರೈಸ್ 1995ರಲ್ಲಿ ಮಾಡಿದ್ದ 1,848ರ ದಾಖಲೆ ಮುರಿದ. ವಿಚಿತ್ರ ಶಾಪ, ಅಲ್ವಾ?

ಟಚ್‌ಡೌನ್ ಅನ್ನೋದು ಚಿಕ್ಕ ಸಂಖ್ಯೆ. ಚಿಕ್ಕ ಸಂಖ್ಯೆ ಸುಮ್ನೆ ಕುಣಿಯುತ್ತೆ. ಚೌಕಾಬಾರ ಆಡಿದವರಿಗೆ ಇದು ಗೊತ್ತು. ಕಾಯಿ ಮನೆಯೆಲ್ಲ ಸುತ್ತಿ ಹಣ್ಣಾಗಲು ಒಂದೇ ಹೆಜ್ಜೆ ಇರುವಾಗ ಸರಿಯಾದ ಗರ ಬೀಳುವುದಿಲ್ಲ. ಅದು ಕಾಯಿಯ ತಪ್ಪಾ? ಇನ್ನೊಂದು ತರಹ ಹೇಳುತ್ತೇನೆ. ಮೈಸೂರಿನಿಂದ ಕೆಂಗೇರಿವರೆಗೆ ಬಸ್ ಓಡಿಸಿದವನು ಒಬ್ಬ, ಅಲ್ಲಿಂದ ಮೆಜೆಸ್ಟಿಕ್‌ಗೆ ತಂದು ನಿಲ್ಲಿಸಿದವನು ಇನ್ನೊಬ್ಬ. ಪೂರ್ತಿ ಸಂಬಳ ಎರಡನೆಯವನಿಗೆ ಕೊಟ್ಟರೆ ಹೇಗೆ? ರಿಸೀವರ್ 60 ಗಜ ಓಡಿ ಗೆರೆಗೆ ಒಂದು ಗಜ ಇರುವಾಗ ಬಿದ್ದರೆ, ಮುಂದಿನ ಯತ್ನದಲ್ಲಿ ಚೆಂಡು ಒಳಗೆ ನೂಕಿದವನಿಗೇ ಟಚ್‌ಡೌನ್. 2013ರಲ್ಲಿ ಜಾನ್ಸನ್ ಮತ್ತೆ 12 ಹಿಡಿದ. ದೃಷ್ಟಿ ಯಾರೂ ತೆಗೆದಿರಲಿಲ್ಲ.

ಹಾಗಾದರೆ ಗಜ ನಂಬಬಹುದಾ? ಅದಕ್ಕೂ ಮೊದಲು ಎಷ್ಟು ಸಲ ಎಸೆದರು ಅಂತ ಕೇಳಿ. 2012ರಲ್ಲಿ ಲಯನ್ಸ್‌ನಲ್ಲಿ ಚೆಂಡು ಎಸೆಯುತ್ತಿದ್ದ ಮ್ಯಾಥ್ಯೂ ಸ್ಟ್ಯಾಫರ್ಡ್ 727 ಸಲ ಎಸೆದ, ಆಗ ಅದೂ ದಾಖಲೆಯೇ. 204 ಎಸೆತ ಜಾನ್ಸನ್ ಕಡೆಗೆ. ಒಂದಕ್ಕೆ 9.6 ಗಜ. ಒಂಬತ್ತು ವರ್ಷದ ನಂತರ ಅದೇ ಸ್ಟ್ಯಾಫರ್ಡ್ ಲಾಸ್ ಏಂಜಲೀಸ್ ರ‍್ಯಾಮ್ಸ್‌ನಲ್ಲಿದ್ದ. ಅಲ್ಲಿನ ರಿಸೀವರ್ ಕೂಪರ್ ಕಪ್ ಕಡೆಗೆ 191 ಎಸೆತ, 1,947 ಗಜ. ಒಂದಕ್ಕೆ 10.2. ಕಪ್ ಮೇಲು ಅನ್ನಿಸುತ್ತೆ. ಆದರೆ ಒಟ್ಟು ಗಜ ಅವನದೇ ಕಡಿಮೆ, ಅದೂ 17 ಪಂದ್ಯದಲ್ಲಿ. ಜಾನ್ಸನ್‌ಗೆ ಸಿಕ್ಕಿದ್ದು 16. ಕೈ ಅದೇ ಆದರೂ ಎಸೆಯುವವನಿಗೆ ಜಾನ್ಸನ್ ಜೊತೆ ಇದ್ದಾಗ 24, ಕಪ್ ಜೊತೆ ಇದ್ದಾಗ 33 ವರ್ಷ.

ಇದಕ್ಕಿಂತ ಒಳ್ಳೆಯ ಲೆಕ್ಕ ಇನ್ನೊಂದಿದೆ. ಎಸೆತದ ಬದಲು, ರಿಸೀವರ್ ಓಡಿದ ಪ್ರತಿ ರೂಟ್‌ಗೆ (ಚೆಂಡು ಬರಲಿ, ಬಿಡಲಿ, ಹಿಡಿಯಲೆಂದು ಓಡುವ ದಾರಿ) ಎಷ್ಟು ಗಜ ಅಂತ ಭಾಗಿಸುವುದು. ಕಾವಲು ತಪ್ಪಿಸಿಕೊಂಡು ನಿಂತರೆ ತಾನೇ ಚೆಂಡು ಅವನ ಕಡೆ ಬರೋದು? ಆ ತಪ್ಪಿಸಿಕೊಳ್ಳುವಿಕೆಯೂ ಇಲ್ಲಿ ಲೆಕ್ಕಕ್ಕೆ ಬರುತ್ತೆ. ಆದರೆ ಇಬ್ಬರನ್ನು ತನ್ನ ಹಿಂದೆ ಎಳೆದುಕೊಂಡು ಹೋಗಿ ಜೊತೆಗಾರನಿಗೆ ದಾರಿ ಬಿಟ್ಟುಕೊಟ್ಟವನ ಹೆಸರಿನ ಮುಂದೆ ಅಲ್ಲೂ ಸೊನ್ನೆಯೇ.

ಅಂಕಿ ಎಲ್ಲವನ್ನೂ ಹೇಳುವುದಿಲ್ಲ ಅನ್ನೋದನ್ನು ನಮ್ಮಲ್ಲಿ ಜಾಸ್ತಿ ವಿವರಿಸಬೇಕಿಲ್ಲ. 1975ರ ಮದ್ರಾಸ್ ಟೆಸ್ಟ್‌ನಲ್ಲಿ ವಿಶ್ವನಾಥ್ ಔಟಾಗದೆ ಹೊಡೆದ 97ನ್ನು ನಾವು ಬರೀ 97 ಅಂತ ಎಣಿಸುತ್ತೇವಾ? ಎದುರು ವೆಸ್ಟ್ ಇಂಡೀಸ್, ತಂಡದ ಮೊತ್ತ 190. ಕೂಪರ್ ಕಪ್ 2021ರ ಸೀಸನ್‌ನಲ್ಲಿ ಸೂಪರ್ ಬೌಲ್, ಅಂದರೆ ಅಲ್ಲಿನ ಫೈನಲ್, ಗೆದ್ದ ತಂಡದಲ್ಲಿದ್ದ. 2012ರಲ್ಲಿ ಜಾನ್ಸನ್ ತಂಡ 4 ಪಂದ್ಯ ಗೆದ್ದು 12 ಸೋತಿತ್ತು. ಹಾಗಾಗಿ ನನ್ನ ಓಟು ಜಾನ್ಸನ್‌ಗೆ, ಆ 5 ಟಚ್‌ಡೌನ್ ಸಮೇತ.