ಪ್ಯಾರಾ ಮುಂದಿನ ಖಾಲಿ ಜಾಗ ಎಲ್ಲಿ ಹೋಯಿತು?

ಒಮ್ಮೆ ಒಂದು ಆತ್ಮಕಥೆಯನ್ನು ವರ್ಡ್‌ನಿಂದ ಪ್ಲೇನ್ ಟೆಕ್ಸ್ಟ್‌ಗೆ (ವಿನ್ಯಾಸವಿಲ್ಲದ, ಬರೀ ಅಕ್ಷರಗಳ ಫೈಲಿಗೆ) ತರುವ ಕೆಲಸ ನನಗೆ ಬಂದಿತ್ತು. ಲೇಖಕರಿಗೆ ಅವರ ತಂದೆ ಬರೆದ ಪತ್ರಗಳು ಪುಸ್ತಕದ ನಡುನಡುವೆ ಇದ್ದವು. ಪತ್ರ ಎಂದು ತೋರಿಸಲು ಉದ್ಧರಣ ಚಿಹ್ನೆ ಹಾಕಿರಲಿಲ್ಲ. ಎಡಗಡೆ ಜಾಗ ಬಿಟ್ಟು ಒಳಗೆ ಸರಿಸಿದ್ದರು, ಅಷ್ಟೇ. ನಾನು ಫೈಲನ್ನು ಸುಮ್ನೆ ಟೆಕ್ಸ್ಟ್ ಆಗಿ ಸೇವ್ ಮಾಡಿ ಕಳಿಸಿಬಿಟ್ಟೆ. ಓದಿದವರಿಂದ ಪ್ರಶ್ನೆ ಬಂತು: "ಇಲ್ಲಿ 'ನಾನು' ಅಂದರೆ ಯಾರು? ಅಪ್ಪನೋ, ಮಗನೋ?" ಅಕ್ಷರಗಳೆಲ್ಲ ಹಾಗೇ ಇದ್ದವು. ಮಾತು ಯಾರದ್ದು ಅನ್ನುವುದು ಮಾತ್ರ ಅಳಿಸಿಹೋಗಿತ್ತು.

ಅವತ್ತಿನಿಂದ ಇಂಡೆಂಟ್ ಅನ್ನು, ಅಂದರೆ ಸಾಲಿನ ಮುಂದೆ ಬಿಡುವ ಖಾಲಿ ಜಾಗವನ್ನು, ಬರೀ ಅಲಂಕಾರ ಅಂತ ನಾನು ನೋಡಿಲ್ಲ.

ಅದು ಕಳೆದುಹೋಗುವುದು ಯಾಕೆ? ವರ್ಡ್ ಫೈಲ್ ಒಳಗೆ ಅಕ್ಷರಗಳು ಒಂದು ಕಡೆ ಇರುತ್ತವೆ, 'ಈ ಪ್ಯಾರಾದ ಮೊದಲ ಸಾಲು ಇಷ್ಟು ಒಳಗಿರಲಿ' ಎಂಬ ಸೂಚನೆ ಬೇರೆ ಇರುತ್ತದೆ. ಆ ಸೂಚನೆ ಒಂದು ಸಂಖ್ಯೆ. ಇಂಚನ್ನು 1440 ಭಾಗ ಮಾಡಿ ಲೆಕ್ಕ ಹಾಕುತ್ತಾರೆ. ಅರ್ಧ ಇಂಚು ಅಂದರೆ 720. ಟೆಕ್ಸ್ಟ್ ಫೈಲಿನಲ್ಲಿ ಅಕ್ಷರಗಳಿಗೆ ಮಾತ್ರ ಜಾಗ. ಹಾಗಾಗಿ ಆ ಸಂಖ್ಯೆ ಅಲ್ಲೇ ಬಿದ್ದುಹೋಗುತ್ತದೆ.

"ನಾನು ಟ್ಯಾಬ್ ಕೀಲಿಯನ್ನೇ ಒತ್ತಿದ್ದೆನಲ್ಲ, ಅದೂ ಹೋಯಿತಲ್ಲ" ಎಂದು ಜಾಸ್ತಿ ಜನ ಕೇಳುತ್ತಾರೆ. ಇರುವ ಪ್ಯಾರಾದ ತಲೆಯಲ್ಲಿ ಕರ್ಸರ್ ಇಟ್ಟು ಟ್ಯಾಬ್ ಒತ್ತಿದರೆ, ವರ್ಡ್ ಅದನ್ನು ತಾನಾಗಿಯೇ ಇಂಡೆಂಟ್ ಸೂಚನೆಯಾಗಿ ಬದಲಿಸಬಹುದು. ಆಟೋಕರೆಕ್ಟ್‌ನಲ್ಲಿ ಅದಕ್ಕೊಂದು ಆಯ್ಕೆ ಇದೆ. ನಿಜವಾದ ಟ್ಯಾಬ್ ಇದೆಯೋ ಇಲ್ಲವೋ ತಿಳಿಯಲು ಕಂಟ್ರೋಲ್, ಶಿಫ್ಟ್, 8 ಒಟ್ಟಿಗೆ ಒತ್ತಿ ನೋಡಿ. ಬಾಣದ ಗುರುತು ಕಂಡರೆ ಟ್ಯಾಬ್ ಇದೆ, ಚುಕ್ಕಿಗಳು ಕಂಡರೆ ಸ್ಪೇಸ್ ಇದೆ. ಇವೆರಡೂ ಅಕ್ಷರಗಳೇ, ಟೆಕ್ಸ್ಟ್ ಫೈಲಿಗೂ ಬರುತ್ತವೆ. ಜಾಗ ಕಾಣುತ್ತಿದ್ದು ಗುರುತು ಇಲ್ಲದಿದ್ದರೆ ಅದು ಉಳಿಯುವುದಿಲ್ಲ.

ಹಾಗಾದರೆ ದಾರಿ ಒಂದೇ. ಪರಿವರ್ತನೆಗೆ ಮೊದಲು ಸೂಚನೆಯನ್ನು ಅಕ್ಷರವಾಗಿ ಬದಲಿಸಬೇಕು. ಮೂಲ ಫೈಲಿನಲ್ಲಿ ಅಲ್ಲ, ಅದರ ನಕಲಿನಲ್ಲಿ. ಸುಲಭದ ಉಪಾಯ ಅಂದರೆ ಫೈಂಡ್ ಆ್ಯಂಡ್ ರಿಪ್ಲೇಸ್‌ನಲ್ಲಿ ಪ್ಯಾರಾ ಗುರುತನ್ನು (ಪ್ಯಾರಾ ಮುಗಿದಲ್ಲಿ ವರ್ಡ್ ಇಡುವ ಚಿಹ್ನೆ) ಹುಡುಕಿ, ಅದರ ಜಾಗದಲ್ಲಿ ಪ್ಯಾರಾ ಗುರುತು ಮತ್ತು ಎರಡು-ಮೂರು ಸ್ಪೇಸ್ ಹಾಕುವುದು. ಆದರೆ ಹೀಗೆ ಮಾಡಿದರೆ ಶೀರ್ಷಿಕೆಗಳ ಮುಂದೆಯೂ ಖಾಲಿ ಸಾಲುಗಳಲ್ಲೂ ಸ್ಪೇಸ್ ಕೂರುತ್ತದೆ, ಮೊದಲ ಪ್ಯಾರಾಗೆ ಮಾತ್ರ ಸಿಗುವುದಿಲ್ಲ. ದೊಡ್ಡ ಫೈಲ್ ಆದರೆ ನಾನು ಚಿಕ್ಕ ಮ್ಯಾಕ್ರೋ (ವರ್ಡ್ ಒಳಗೇ ಓಡುವ ಪುಟ್ಟ ಪ್ರೋಗ್ರಾಂ) ಬರೆಯುತ್ತೇನೆ. ಅದು ಒಂದೊಂದು ಪ್ಯಾರಾದ ಮೊದಲ ಸಾಲಿನ ಇಂಡೆಂಟ್ ನೋಡುತ್ತದೆ. ಸೊನ್ನೆಗಿಂತ ಹೆಚ್ಚಿದ್ದರೆ ಮಾತ್ರ ಮುಂದೆ ಸ್ಪೇಸ್ ಸೇರಿಸುತ್ತದೆ.

ಇದನ್ನೇ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮಾಡುವವರು ಒಂದು ವಿಷಯ ನೆನಪಿಡಿ. ವರ್ಡ್ ಫೈಲ್ ಓದಲು ಬಳಸುವ ಪೈಥಾನ್-ಡಾಕ್ಸ್ ಲೈಬ್ರರಿ ಎಷ್ಟೋ ಪ್ಯಾರಾಗಳಿಗೆ ಇಂಡೆಂಟ್ 'ನನ್' (None) ಎಂದು ಕೊಡುತ್ತದೆ. ಇಂಡೆಂಟ್ ಇಲ್ಲ ಎಂದು ಅದರ ಅರ್ಥವಲ್ಲ. ಆ ಸಂಖ್ಯೆ ಪ್ಯಾರಾದಲ್ಲಿ ಇಲ್ಲ, ಅದರ ಸ್ಟೈಲಿನಲ್ಲಿ (ಪ್ಯಾರಾಗೆ ಹಚ್ಚಿದ, ಹೆಸರಿರುವ ವಿನ್ಯಾಸದಲ್ಲಿ) ಹುಡುಕಿ ಎಂದರ್ಥ. ಆ ಸ್ಟೈಲ್ ಇನ್ನೊಂದರ ಮೇಲೆ ನಿಂತಿದ್ದರೆ ಅದರೊಳಗೂ ನೋಡಬೇಕು.

ಟ್ಯಾಬ್ ಬದಲು ಸ್ಪೇಸ್ ಯಾಕೆ ಅಂದರೆ, ಟ್ಯಾಬ್‌ನ ಅಗಲ ಒಂದು ಕಡೆ ನಾಲ್ಕು ಅಕ್ಷರ, ಇನ್ನೊಂದು ಕಡೆ ಎಂಟು. ಮೂರು ಹಂತ ಒಳಗೆ ಹೋದ ಉಪಕಲಮುಗಳಿರುವ ಒಪ್ಪಂದದಲ್ಲಿ ಎಂಟೆಂಟಾಗಿ ಸರಿದರೆ ಓದಲು ಉಳಿಯುವ ಜಾಗ ತುಂಬಾ ಕಡಿಮೆಯಾಗುತ್ತದೆ.

ಆ ಪತ್ರಗಳಂಥ ಭಾಗ ಇನ್ನೂ ಕಷ್ಟ. ಅಲ್ಲಿ ಇಡೀ ಪ್ಯಾರಾ ಒಳಗೆ ಸರಿದಿರುತ್ತದೆ. ಮುಂದೆ ಸ್ಪೇಸ್ ಹಾಕಿದರೆ ಮೊದಲ ಸಾಲು ಮಾತ್ರ ಸರಿಯುತ್ತದೆ, ಉಳಿದವು ಅಂಚಿಗೇ ಬರುತ್ತವೆ. ಅದಕ್ಕೆ ಸಾಲುಗಳನ್ನು ಸುಮಾರು 65 ಅಕ್ಷರಕ್ಕೆ ಕತ್ತರಿಸಿ, ಪ್ರತಿ ಸಾಲಿನ ಮುಂದೆಯೂ ಸ್ಪೇಸ್ ಇಡಬೇಕು. ಆತ್ಮಕಥೆಯನ್ನು ಮತ್ತೆ ಮಾಡಿಕೊಟ್ಟಾಗ ನಾನು ಸ್ಪೇಸ್ ಅನ್ನೇ ನಂಬಿ ಕೂರಲಿಲ್ಲ. ಇಮೇಲ್‌ಗಳಲ್ಲಿ ಇರುವ ಹಾಗೆ ಪತ್ರದ ಪ್ರತಿ ಸಾಲಿನ ಮುಂದೆ > ಚಿಹ್ನೆ ಹಾಕಿದೆ. ಕಣ್ಣಿಗೆ ಕಾಣುವ ಗುರುತು ಅಷ್ಟು ಸುಲಭವಾಗಿ ಅಳಿಯುವುದಿಲ್ಲ, ಅಲ್ವಾ?

ಸಾಮಾನ್ಯ ಗದ್ಯಕ್ಕೆ ಇಷ್ಟೆಲ್ಲ ಬೇಡ. ಪ್ಯಾರಾ ಬದಲಾಯಿತು ಎಂದಷ್ಟೇ ಅಲ್ಲಿನ ಇಂಡೆಂಟ್ ಹೇಳುವುದು. ನಡುವೆ ಒಂದು ಖಾಲಿ ಸಾಲು ಬಿಟ್ಟರೆ ಸಾಕು. ಕವಿತೆ, ನಾಟಕ, ಕಲಮುಗಳು, ಉದ್ಧರಣೆ ಇವುಗಳಿಗೆ ಮಾತ್ರ ಶ್ರಮ ಹಾಕಿ.

ಫೈಲ್ ಮುಂದೆ ಎಲ್ಲಿಗೆ ಹೋಗುತ್ತದೆ ಎಂದೂ ಮೊದಲೇ ಕೇಳಿಕೊಳ್ಳಿ. ವೆಬ್ ಪುಟಗಳ ಎಚ್‌ಟಿಎಂಎಲ್‌ಗೆ ಹಾಕಿದರೆ ಸಾಲಿನ ಮುಂದಿನ ಸ್ಪೇಸ್‌ಗಳು ಸಾಮಾನ್ಯವಾಗಿ ಮಾಯವಾಗುತ್ತವೆ. ಮಾರ್ಕ್‌ಡೌನ್‌ನಲ್ಲಿ (ಸಾದಾ ಚಿಹ್ನೆಗಳಿಂದ ವಿನ್ಯಾಸ ತೋರಿಸುವ ಬರವಣಿಗೆ ರೀತಿ) ಪ್ಯಾರಾ ಮುಂದೆ ನಾಲ್ಕು ಸ್ಪೇಸ್ ಇದ್ದರೆ ಇಡೀ ಪ್ಯಾರಾ ಪ್ರೋಗ್ರಾಂ ಕೋಡ್ ಥರ ಕಾಣಿಸುತ್ತದೆ. ಸೇವ್ ಮಾಡುವಾಗ ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲಿನಲ್ಲಿ ಉಳಿಸುವ ಕ್ರಮ) ಯುಟಿಎಫ್-8 ಇರಲಿ, ಇಲ್ಲದಿದ್ದರೆ ಕನ್ನಡ ಅಕ್ಷರಗಳ ಜಾಗದಲ್ಲಿ ಪ್ರಶ್ನೆ ಚಿಹ್ನೆಗಳು ಸಿಗಬಹುದು. ಆಮೇಲೆ ಆ ಫೈಲನ್ನು ವರ್ಡ್‌ನಲ್ಲಿ ಅಲ್ಲ, ಒಂದು ಸಾದಾ ಎಡಿಟರ್‌ನಲ್ಲಿ ತೆರೆದು ಮೂಲದ ಪಕ್ಕದಲ್ಲಿಟ್ಟು ನೋಡಿ. ನಾನು ಮೊದಲು ನೋಡುವುದು ಪತ್ರ ಮುಗಿದು ಕಥೆ ಮತ್ತೆ ಶುರುವಾಗುವ ಸಾಲನ್ನು.