ಗ್ಯಾಂಗ್ಟಾಕ್‌ಗೆ ಹೊರಟವರಿಗೆ ಕರ್ಪೂರ ಎಷ್ಟು ಬೇಕು?

ಪ್ರಶ್ನೆ: ರಜೆಗೆ ಮನೆಮಂದಿಯೆಲ್ಲ ಡಾರ್ಜಿಲಿಂಗ್, ಗ್ಯಾಂಗ್ಟಾಕ್, ನಾಥುಲಾ ನೋಡಲು ಹೊರಟಿದ್ದೇವೆ. ಐದು ವರ್ಷದ ಮಗಳು, ಅರವತ್ತೆಂಟರ ಅತ್ತೆ ಜೊತೆಗಿದ್ದಾರೆ. ಅಲ್ಲಿ ಆಕ್ಸಿಜನ್ ಕಡಿಮೆಯಂತೆ, ಕರ್ಪೂರ ಮೂಸುತ್ತಿದ್ದರೆ ಏನೂ ಆಗಲ್ಲವಂತೆ. ಎಷ್ಟು ತಗೊಂಡು ಹೋಗಬೇಕು?

ಉತ್ತರ: ಒಂದು ಬಿಲ್ಲೆಯೂ ಬೇಡ.

ಬೇಸಿಗೆ ರಜೆ ಹತ್ತಿರ ಬಂದರೆ ಸಾಕು, ಇದೇ ಪ್ರಶ್ನೆ. ಈ ಸಲ ಸ್ವಲ್ಪ ಉದ್ದಕ್ಕೇ ಬರೆದುಬಿಡುತ್ತೇನೆ.

ಮೊದಲು ಎತ್ತರದ ಲೆಕ್ಕ. ಗ್ಯಾಂಗ್ಟಾಕ್ ಇರುವುದು ಸುಮಾರು 1,650 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿ ಸುಮಾರು 1,930! ಡಾರ್ಜಿಲಿಂಗ್, ಮಸೂರಿ, ಮನಾಲಿ ಎಲ್ಲ 2,000ದ ಆಸುಪಾಸು, ಶಿಮ್ಲಾ 2,200. ಮುಳ್ಳಯ್ಯನಗಿರಿಯ ಮೆಟ್ಟಿಲು ಹತ್ತುವಾಗ ಕರ್ಪೂರ ಮೂಸಿದವರನ್ನು ನೋಡಿದ್ದೀರಾ? ಎತ್ತರದ ಕಾಯಿಲೆಯ ಮಾತು ಶುರುವಾಗುವುದೇ ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ. ಅಂದರೆ ಊರುಗಳಲ್ಲಿ ಚಿಂತೆಯಿಲ್ಲ. ಅಲ್ಲಿಂದ ಒಂದು ದಿನದ ಮಟ್ಟಿಗೆ ಹತ್ತುವ ಚಾಂಗು ಸರೋವರ (3,753), ನಾಥುಲಾ (4,310), ಆ ಕಡೆ ರೋಹ್ತಾಂಗ್ (3,978), ಇವುಗಳದ್ದೇ ವಿಷಯ.

ಇನ್ನು ಕರ್ಪೂರ. ಗಾಳಿಯಲ್ಲಿ ಆಕ್ಸಿಜನ್ ಪಾಲು ಬೆಂಗಳೂರಲ್ಲೂ 21 ಶೇಕಡ, ನಾಥುಲಾದಲ್ಲೂ 21 ಶೇಕಡ. ಕಡಿಮೆಯಾಗುವುದು ಗಾಳಿಯ ಒತ್ತಡ. ನಾಥುಲಾದಲ್ಲಿ ಅದು ಸಮುದ್ರಮಟ್ಟದ ಸುಮಾರು 60 ಶೇಕಡ ಮಾತ್ರ. ಹಾಗಾಗಿ ಒಂದೊಂದು ಉಸಿರಿಗೂ ಸಿಗುವ ಆಕ್ಸಿಜನ್ ಕಡಿಮೆ. ಕರ್ಚೀಫಿನ ಗಂಟಿನಲ್ಲಿರುವ ಕರ್ಪೂರ ಗಾಳಿಯ ಒತ್ತಡ ಹೆಚ್ಚಿಸುತ್ತದೆಯೇ? ನೆಗಡಿಯಾದಾಗ ವಿಕ್ಸ್ ಹಚ್ಚಿದರೆ ಮೂಗು ತೆರೆದ ಹಾಗೆ ಅನಿಸುತ್ತದಲ್ಲ, ಇದೂ ಅದೇ. ಮೂಗಿನೊಳಗೆ ತಣ್ಣಗಾಗುತ್ತದೆ, ಜಾಸ್ತಿ ಗಾಳಿ ಒಳಗೆ ಹೋದಂತೆ ಅನಿಸುತ್ತದೆ. ಅನಿಸುತ್ತದೆ, ಅಷ್ಟೇ.

"ನಮಗೆ ಕೆಲಸ ಮಾಡಿತಲ್ಲ" ಅನ್ನುವವರಿಗೆ ನಮ್ಮ ಚಿಕ್ಕಮ್ಮನ ಕಥೆ. ನಾಥುಲಾದಲ್ಲಿ ತಲೆನೋವು ಅಂದರು, ಕರ್ಪೂರ ಮೂಸಿದರು, ಕಾರಿನಲ್ಲೂ ಮೂಸುತ್ತಲೇ ಬಂದರು. ಸಂಜೆ ಗ್ಯಾಂಗ್ಟಾಕ್‌ನಲ್ಲಿ ಮೊಮೊ ತಿನ್ನುವಷ್ಟು ಆರಾಮಾಗಿದ್ದರು. ಅಷ್ಟರಲ್ಲಿ ನಾವು ಎರಡೂವರೆ ಸಾವಿರ ಮೀಟರಿಗೂ ಜಾಸ್ತಿ ಕೆಳಗಿಳಿದಿದ್ದೆವು. ಆ ಶ್ರೇಯಸ್ಸು ಪಾಪ ಡ್ರೈವರಣ್ಣನಿಗೆ ಸಲ್ಲಬೇಕಿತ್ತು.

ಸುಮ್ನೆ ಸಮಾಧಾನಕ್ಕೆ ಇಟ್ಟುಕೊಳ್ಳೋಣ ಅಂದರೆ, ಅದೂ ಬೇಡ. ಕರ್ಪೂರ ಹೊಟ್ಟೆಗೆ ಹೋದರೆ ವಿಷ. ಚಿಕ್ಕ ಮಕ್ಕಳಿಗೆ ಸ್ವಲ್ಪವೇ ಹೋದರೂ ಫಿಟ್ಸ್ ಬರಬಹುದು. ನೋಡಲು ಪೆಪ್ಪರ್‌ಮಿಂಟ್ ಹಾಗಿರುತ್ತದೆ, ನಿಮ್ಮ ಮಗಳಿಗೆ ಐದು ವರ್ಷ.

ಮಾಡಬೇಕಾದದ್ದು ಇಷ್ಟೇ. ಗ್ಯಾಂಗ್ಟಾಕ್‌ನಲ್ಲಿ ಎರಡು ರಾತ್ರಿ ಮಲಗಿ, ಆಮೇಲೆ ಮೇಲೆ ಹೋಗಿ. ಹಿಮ ಕಂಡ ಕೂಡಲೇ ಓಡಬೇಡಿ. ತಲೆನೋವಿನ ಜೊತೆ ವಾಂತಿ, ಸುಸ್ತು ಶುರುವಾದರೆ ಫೋಟೋ ಬಿಟ್ಟು ಕೆಳಗಿಳಿಯಿರಿ. ಅತ್ತೆಗೆ ಹೃದಯದ್ದೋ ಶ್ವಾಸಕೋಶದ್ದೋ ತೊಂದರೆ ಇದ್ದರೆ ಹೊರಡುವ ಮೊದಲೇ ಡಾಕ್ಟರನ್ನು ಕೇಳಿ. ಮಗಳಿಗೆ ಬರಿ ದಾರಿಯಲ್ಲೇ ವಾಂತಿಯಾದರೆ ಅದು ಆಗುಂಬೆ ಘಾಟಿಯಲ್ಲಿ ಆಗುವಂಥದ್ದೇ. ಕಿಟಕಿಯಾಚೆ ದೂರ ನೋಡಲಿ, ಕೈಗೆ ಮೊಬೈಲ್ ಕೊಡಬೇಡಿ.

ಒತ್ತಡದ ಮಾತು ಬಂತಲ್ಲ, ನೀವು ಕೇಳದಿದ್ದರೂ ಇನ್ನೊಂದು ಹೇಳುತ್ತೇನೆ. "ಅಲ್ಲಿನವರಿಗೆ ಅನ್ನ ಮಾಡಲಿಕ್ಕೇ ಬರಲ್ಲ" ಎಂದು ನಮ್ಮವರು ಗೊಣಗುತ್ತಾ ಬರುತ್ತಾರೆ. ಒತ್ತಡ ಇಳಿದಂತೆ ನೀರು ಬೇಗ ಕುದಿಯುತ್ತದೆ: ಬೆಂಗಳೂರಲ್ಲಿ 97 ಡಿಗ್ರಿಗೆ, ಗ್ಯಾಂಗ್ಟಾಕ್‌ನಲ್ಲಿ ಸುಮಾರು 94ಕ್ಕೆ, ಚಾಂಗು ದಡದಲ್ಲಿ 87ರ ಆಸುಪಾಸಿಗೆ. ಎಷ್ಟೇ ಉರಿ ಹಾಕಿದರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗುವುದಿಲ್ಲ. ಅಕ್ಕಿಕಾಳಿನ ನಡು ಗಟ್ಟಿಯಾಗೇ ಉಳಿಯುತ್ತದೆ. ಕುಕ್ಕರ್ ಇಲ್ಲದೆ ಅಲ್ಲಿ ಬೇಳೆಯೂ ಬೇಯದು. ಅಡುಗೆಯವರ ಮೇಲೆ ರೇಗಬೇಡಿ. ಅತ್ತೆಗೆ ಅನ್ನ ಸೇರದಿದ್ದರೆ, ಕರ್ಪೂರಕ್ಕೆಂದು ಬ್ಯಾಗಿನಲ್ಲಿ ಬಿಟ್ಟ ಜಾಗದಲ್ಲಿ ಅರ್ಧ ಕಿಲೋ ತೆಳು ಅವಲಕ್ಕಿ, ಒಂದಿಷ್ಟು ಗೊಜ್ಜಿನ ಪುಡಿ ಇಟ್ಟುಕೊಳ್ಳಿ. ಅದಕ್ಕೆ ನೀರು ಕುದಿಯಲೇಬೇಕೆಂದಿಲ್ಲ.