ಯಾವ ಕಲೆ ಎಂದು ಕೇಳುವ ಮೊದಲು ಒಂದು ಸಂಜೆ ತರಗತಿ ನೋಡಿ

ಶಾಲೆಗಳು ಶುರುವಾಗುವ ಜೂನ್ ತಿಂಗಳಲ್ಲಿ ಜೂಡೊ ಕಲಿಸುವ ನನ್ನಂಥವರ ಮುಂದೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. “ಸರ್, ಮಗಳನ್ನು ಕರಾಟೆಗೆ ಸೇರಿಸಲೋ, ಟೇಕ್ವಾಂಡೋಗೋ? ಈಗ ಎಲ್ಲರೂ ಕ್ರಾವ್ ಮಗಾ ಎನ್ನುತ್ತಿದ್ದಾರಲ್ಲ, ಅದು ಹೇಗೆ?” ನಾನು ಕಲೆಯ ಹೆಸರು ಹೇಳುವುದಿಲ್ಲ. ನೀವು ನೋಡಿಬಂದ ತರಗತಿಯಲ್ಲಿ ಮಕ್ಕಳು ಪರಸ್ಪರ ಬಲ ಹಾಕಿ ಸೆಣಸುತ್ತಾರೆಯೇ, ಅಥವಾ ಒಬ್ಬ ಹೊಡೆದಂತೆ ಮಾಡಿ ಇನ್ನೊಬ್ಬ ಬಿದ್ದಂತೆ ಮಾಡುತ್ತಾನೆಯೇ ಎಂದು ಕೇಳುತ್ತೇನೆ. ಆತ್ಮರಕ್ಷಣೆಯ ಮಟ್ಟಿಗೆ ಕಲೆಯ ಹೆಸರಿಗಿಂತ ಈ ಪ್ರಶ್ನೆಯ ಉತ್ತರವೇ ದೊಡ್ಡದು.

ಮಣಿಕಟ್ಟು ಬಿಡಿಸಿಕೊಳ್ಳುವ ಪಟ್ಟನ್ನೇ ನೋಡೋಣ. ಆತ್ಮರಕ್ಷಣಾ ಶಿಬಿರಗಳಲ್ಲಿ ಎಲ್ಲಕ್ಕಿಂತ ಮೊದಲು ಹೇಳಿಕೊಡುವುದು ಇದನ್ನು. ಹಿಡಿದವನ ಹೆಬ್ಬೆರಳಿಗೂ ಉಳಿದ ಬೆರಳುಗಳಿಗೂ ನಡುವೆ ಇರುವ ಸಂದಿಯ ಕಡೆಗೆ ಕೈ ತಿರುಗಿಸಿ ಎಳೆದರೆ ಹಿಡಿತ ಬಿಡುತ್ತದೆ. ತತ್ವ ಸರಿಯಾಗಿಯೇ ಇದೆ. ಶಿಬಿರದಲ್ಲಿ ಹಿಡಿದವನು ನಿಂತಲ್ಲೇ ನಿಂತಿರುತ್ತಾನೆ, ಕೈ ಬಿಟ್ಟೊಡನೆ ನಗುತ್ತಾ ಹಿಂದೆ ಸರಿಯುತ್ತಾನೆ. ನಿಜವಾಗಿ ಕೈ ಹಿಡಿಯುವವನು ಹಿಡಿದು ನಿಲ್ಲುವುದಿಲ್ಲ, ತನ್ನ ಕಡೆಗೆ ಎಳೆಯುತ್ತಾನೆ. ಒಂದು ಕೈ ಜಾರಿದರೆ ಇನ್ನೊಂದು ಕೈಯಿಂದ ಜಡೆಗೋ ಕುತ್ತಿಗೆಗೋ ಹೋಗುತ್ತಾನೆ. ಆಗ ಬರಿಯ ತೋಳಿನ ಬಲದಿಂದ ಹಿಂದಕ್ಕೆ ಎಳೆದರೆ ಸೋಲುವುದು ಖಚಿತ. ಮೊಣಕೈ ಮಡಚಿ, ಅವನ ಕಡೆಗೇ ಒಂದು ಹೆಜ್ಜೆ ಹಾಕಿ, ನಮ್ಮ ಮೊಣಕೈಯನ್ನು ಅವನ ಮೊಣಕೈಯ ಹತ್ತಿರಕ್ಕೆ ಒಯ್ದು, ಇನ್ನೊಂದು ಕೈಯಿಂದ ನಮ್ಮ ಮುಷ್ಟಿಯನ್ನೇ ಹಿಡಿದು, ಸೊಂಟದ ತಿರುವಿನಿಂದ ಬಿಡಿಸಿಕೊಳ್ಳಬೇಕು. ಇದನ್ನು ಓದಿ ತಿಳಿಯಲು ಅರ್ಧ ನಿಮಿಷ ಸಾಕು. ಎಳೆಯುತ್ತಿರುವವನ ಕಡೆಗೆ ಹೆಜ್ಜೆ ಹಾಕುವುದು ಮೈಗೆ ಅಭ್ಯಾಸವಾಗಲು ತಿಂಗಳುಗಳು ಬೇಕು, ಏಕೆಂದರೆ ಹೆದರಿದ ಮೈ ಹಿಂದಕ್ಕೇ ಸರಿಯುತ್ತದೆ. ಆ ಹೆದರಿಕೆಯನ್ನು ಸ್ವಲ್ಪವಾದರೂ ತರಿಸುವ, ಬಿಟ್ಟುಕೊಡದ ಒಬ್ಬ ಜೊತೆಗಾರ ಇಲ್ಲದೆ ಇದು ಕೈಗೆ ಹತ್ತುವುದಿಲ್ಲ.

ಈ ಸತ್ಯವನ್ನು ಅಭ್ಯಾಸಕ್ರಮವನ್ನಾಗಿ ಮಾಡಿದವರು ಜಪಾನಿನ ಜಿಗೊರೊ ಕಾನೊ. 1882ರಲ್ಲಿ ಟೋಕಿಯೊದಲ್ಲಿ ಕೊಡೊಕಾನ್ ಎಂಬ ತಮ್ಮ ಜೂಡೊ ಶಾಲೆ ಆರಂಭಿಸಿದಾಗ ಅವರ ಕೈಯಲ್ಲಿದ್ದದ್ದು ಹಳೆಯ ಜುಜುತ್ಸು ಪರಂಪರೆಗಳ ಪಟ್ಟುಗಳು. ಅವುಗಳಲ್ಲಿ ಜೊತೆಗಾರನನ್ನು ಊನಗೊಳಿಸುವಂಥವನ್ನು ಅವರು ಕಟಾ ಅಭ್ಯಾಸಕ್ಕೆ, ಅಂದರೆ ಇಬ್ಬರೂ ಮೊದಲೇ ಗೊತ್ತುಮಾಡಿಕೊಂಡ ಕ್ರಮದಲ್ಲಿ ಮಾಡುವ ಅಭ್ಯಾಸಕ್ಕೆ ಸೀಮಿತಗೊಳಿಸಿದರು. ಪೂರ್ಣ ಬಲದಿಂದ, ಎದುರಾಳಿ ಪೂರ್ಣ ಪ್ರತಿರೋಧ ಒಡ್ಡುತ್ತಿರುವಾಗಲೂ ಪ್ರಯೋಗಿಸಬಹುದಾದ ಎಸೆತ ಮತ್ತು ಹಿಡಿತಗಳನ್ನು ದಿನನಿತ್ಯದ ಸೆಣಸಾಟಕ್ಕೆ ತಂದರು. ಅದಕ್ಕೆ ರಾಂದೊರಿ ಎನ್ನುತ್ತಾರೆ. ಕಣ್ಣಿಗೆ ಬೆರಳು ಹಾಕುವ ಪಟ್ಟು ಕಾಗದದ ಮೇಲೆ ಭಯಂಕರ. ಯಾರ ಮೇಲೂ ಎಂದೂ ಪ್ರಯೋಗಿಸದೆ ಕಲಿತದ್ದು ಹೊತ್ತಿಗೆ ಒದಗುವುದಿಲ್ಲ. ಸಾಧಾರಣ ಎಸೆತವನ್ನು ಒಪ್ಪದ ಮೈಗಳ ಮೇಲೆ ಸಾವಿರ ಸಲ ಹಾಕಿದವನಿಗೆ ಅದು ನಿದ್ದೆಗಣ್ಣಿನಲ್ಲೂ ಬರುತ್ತದೆ. ಕೊಡೊಕಾನ್‌ನಲ್ಲಿ ಪಳಗಿದ ಮಿತ್ಸುಯೊ ಮಯೇದಾ 1914ರಲ್ಲಿ ಬ್ರೆಜಿಲ್ ತಲುಪಿದರು; ಅವರ ವಿದ್ಯೆಯಿಂದ ಗ್ರೇಸಿ ಕುಟುಂಬದ ಬ್ರೆಜಿಲಿಯನ್ ಜುಜಿತ್ಸು ಬೆಳೆಯಿತು. 1993ರ ನವೆಂಬರ್‌ನಲ್ಲಿ ಅಮೆರಿಕದ ಡೆನ್ವರ್‌ನಲ್ಲಿ, ಬೇರೆ ಬೇರೆ ಕಲೆಗಳವರು ಪರಸ್ಪರ ಕಾದಾಡುವ ಯು.ಎಫ್.ಸಿ.ಯ ಮೊದಲ ಸ್ಪರ್ಧೆಯಲ್ಲಿ ಸಾಧಾರಣ ಮೈಕಟ್ಟಿನ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಸೋಲಿಸಿದ್ದರ ಹಿಂದೆ ಇದ್ದದ್ದು ಇದೇ ಬಗೆಯ ಅಭ್ಯಾಸ.

ಇದನ್ನು ಕಲಿಯಲು ಜಪಾನಿಗೋ ಬ್ರೆಜಿಲಿಗೋ ಹೋಗಬೇಕಾಗಿಲ್ಲ. ಮೈಸೂರಿನ ಗರಡಿಮನೆಗಳಲ್ಲಿ, ದಾವಣಗೆರೆ, ಧಾರವಾಡ, ಬೆಳಗಾವಿಯ ಕಡೆಯ ಕುಸ್ತಿ ಅಖಾಡಗಳಲ್ಲಿ ಪೈಲ್ವಾನರು ಮಣ್ಣಿನ ಕಣಕ್ಕೆ ಇಳಿದು ಜೋಡಿ ಹಿಡಿಯುವುದೂ ಇದನ್ನೇ. ಉಸ್ತಾದರು ಪಟ್ಟು ತೋರಿಸುತ್ತಾರೆ, ಆಮೇಲೆ ಅದನ್ನು ಒಪ್ಪದವನ ಮೇಲೆ ಹಾಕಿ ತೋರಿಸು ಎನ್ನುತ್ತಾರೆ. (ದಸರೆಯಲ್ಲಿ ಅರಮನೆಯ ಅಂಗಳದಲ್ಲಿ ಜಟ್ಟಿಗಳು ಕಾದುವ ವಜ್ರಮುಷ್ಟಿ ಕಾಳಗವನ್ನು ನೋಡಿ ಅದನ್ನು ಕಲಿಯಬಹುದೇ ಎಂದು ಕೇಳುವವರಿದ್ದಾರೆ. ಅದು ರಾಜಪರಂಪರೆಯ ಆಚರಣೆ, ಮೊದಲ ರಕ್ತ ಚಿಮ್ಮಿದೊಡನೆ ಮುಗಿಯುತ್ತದೆ. ಗೌರವಿಸೋಣ, ಆತ್ಮರಕ್ಷಣೆಯ ಪಾಠ ಅದಲ್ಲ.)

ಸೆಣಸಾಟ ಇರುವ ಪ್ರತಿಯೊಂದು ಕಲೆಗೂ ತನ್ನದೇ ಕುರುಡು ಜಾಗ ಇರುತ್ತದೆ. ಪಂದ್ಯದ ನಿಯಮ ಯಾವುದನ್ನು ನಿಷೇಧಿಸುತ್ತದೋ ಅದನ್ನು ಆಟಗಾರನ ಮೈ ಮರೆಯುತ್ತದೆ. ಒಲಿಂಪಿಕ್ ಟೇಕ್ವಾಂಡೋದಲ್ಲಿ ಮುಖಕ್ಕೆ ಗುದ್ದುವಂತಿಲ್ಲ. ಆದ್ದರಿಂದ ಕೈಗಳು ಕೆಳಗೆ ಇಳಿದಿರುತ್ತವೆ. ಕ್ಯೊಕುಶಿನ್ ಕರಾಟೆ ಪೂರ್ಣ ಬಲದ ಹೊಡೆತದ ಕಲೆ, ಅದನ್ನು ಕಲಿತವರ ಮೈ ನಿಜಕ್ಕೂ ಗಟ್ಟಿ. ಅಲ್ಲಿಯೂ ಕೈಯಿಂದ ಮುಖಕ್ಕೆ ಹೊಡೆಯುವುದು ನಿಷಿದ್ಧ. ನಮ್ಮ ಜೂಡೊದಲ್ಲಿ 2010ರ ನಂತರ ಕಾಲಿಗೆ ಕೈಹಾಕಿ ಕೆಡವುವುದಕ್ಕೆ ಹಂತಹಂತವಾಗಿ ನಿಷೇಧ ಬಂತು. ಹೊಡೆತವಂತೂ ಇಲ್ಲವೇ ಇಲ್ಲ. ದಪ್ಪ ಬಟ್ಟೆಯ ಅಂಗಿ ಹಿಡಿದು ಕಲಿತವರಿಗೆ ತೆಳು ಟೀ ಶರ್ಟ್ ಕೈಯಲ್ಲೇ ಹರಿದುಬಂದಾಗ ದಿಕ್ಕು ತೋಚುವುದಿಲ್ಲ. ಬ್ರೆಜಿಲಿಯನ್ ಜುಜಿತ್ಸು ನೆಲದ ಮೇಲೆ ಅದ್ಭುತ, ಆದರೆ ಡಾಂಬರು ರಸ್ತೆಯಲ್ಲಿ, ಎದುರಾಳಿಯ ಇಬ್ಬರು ಗೆಳೆಯರು ಪಕ್ಕದಲ್ಲೇ ನಿಂತಿರುವಾಗ ನೆಲಕ್ಕೆ ಹೋಗುವುದು ಅಪಾಯ. ಬಾಕ್ಸಿಂಗ್ ದೂರವನ್ನು ಅಳೆಯಲು, ಪೆಟ್ಟು ಬಿದ್ದಾಗ ಕಣ್ಣು ಮುಚ್ಚದಿರಲು ಕಲಿಸುತ್ತದೆ. ಇದು ಬೆಲೆ ಕಟ್ಟಲಾಗದ ಪಾಠ. ಕೈಪಟ್ಟಿ, ಗ್ಲೌಸ್ ಇಲ್ಲದೆ ತಲೆಬುರುಡೆಗೆ ಗುದ್ದಿದರೆ ಮಾತ್ರ ಕಿರುಬೆರಳಿನ ಬುಡದ ಮೂಳೆ ಮುರಿಯುವ ಸಂಭವ ಬಹಳ. ಅಂಥ ಹೊತ್ತಿನಲ್ಲಿ ಅಂಗೈಯ ಬುಡದಿಂದ ಹೊಡೆಯುವುದು ಕ್ಷೇಮ. ಕ್ರಾವ್ ಮಗಾ ಶುರುವಾದದ್ದು ಇಮಿ ಲಿಕ್ಟೆನ್‌ಫೆಲ್ಡ್ ಎಂಬ ಕುಸ್ತಿಪಟುವಿನಿಂದ, ಬೆಳೆದದ್ದು ಇಸ್ರೇಲಿನ ಸೇನೆಯಲ್ಲಿ. ಅದರ ಆಲೋಚನೆ ಚೆನ್ನಾಗಿದೆ: ಬೇಗ ಹೊಡೆ, ಬೇಗ ತಪ್ಪಿಸಿಕೊ. ನಮ್ಮ ಊರುಗಳಲ್ಲಿ ಆ ಫಲಕ ಹಾಕಿಕೊಂಡ ಎಲ್ಲರೂ ಸೆಣಸಾಟ ಮಾಡಿಸುವುದಿಲ್ಲ. ಮಾಡಿಸುವವರು ಸಿಕ್ಕರೆ ಧೈರ್ಯವಾಗಿ ಸೇರಿ.

ನನ್ನ ಆಯ್ಕೆ ಕೇಳಿದರೆ, ಹಿಡಿದು ಕೆಡವುವ ಒಂದು ಕಲೆ, ಅಂದರೆ ಜೂಡೊ ಅಥವಾ ಕುಸ್ತಿ. ಅದರ ಜೊತೆಗೆ ಕೆಲವು ತಿಂಗಳ ಬಾಕ್ಸಿಂಗ್. ಜೂಡೊದ ಬಗ್ಗೆ ನನ್ನ ಒಲವಿಗೆ ಇನ್ನೊಂದು ಕಾರಣವಿದೆ: ಬೀಳುವುದನ್ನು ಅದು ಮೊದಲ ದಿನದಿಂದ ಕಲಿಸುತ್ತದೆ. ಹಿಂದಕ್ಕೆ ಬೀಳುವಾಗ ಗಲ್ಲವನ್ನು ಎದೆಗೆ ಒತ್ತಿ ಸೊಂಟದ ಗಂಟನ್ನು ನೋಡು, ಬೆನ್ನು ಬಾಗಿಸು, ಉಸಿರು ಬಿಡು, ಎರಡೂ ತೋಳುಗಳಿಂದ ಓರೆಯಾಗಿ ನೆಲಕ್ಕೆ ಬಡಿ, ಅಂಗೈ ಊರಬೇಡ. ಜಗಳದಲ್ಲಿ ಜೀವ ಹೋಗುವುದು ಎಷ್ಟೋ ಸಲ ಗುದ್ದಿನಿಂದ ಅಲ್ಲ; ಗುದ್ದು ತಿಂದು ಬಿದ್ದವನ ಹಿಂದಲೆ ಕಲ್ಲಿಗೋ ಕಾಂಕ್ರೀಟಿಗೋ ಬಡಿಯುವುದರಿಂದ. ಜೀವಮಾನದಲ್ಲಿ ನಿಮ್ಮ ಮೇಲೆ ಯಾರೂ ಕೈ ಮಾಡದೇ ಇರಬಹುದು. ಸ್ನಾನದ ಮನೆಯಲ್ಲಿ ಜಾರುವುದು, ಮಳೆಯಲ್ಲಿ ಸ್ಕೂಟರ್ ಮಗುಚುವುದು ಯಾರಿಗೂ ತಪ್ಪಿದ್ದಲ್ಲ. ನಲವತ್ತೈದು ದಾಟಿದವರು ಎಸೆತದ ತಂಟೆಗೆ ಹೋಗದಿದ್ದರೂ ಬೀಳುವುದನ್ನಷ್ಟು ಒಳ್ಳೆಯ ಶಿಕ್ಷಕರ ಬಳಿ ಕಲಿಯಲಿ ಎಂದು ನಾನು ಒತ್ತಾಯಿಸುತ್ತೇನೆ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದಾಗ ಎಸೆತ ಗುದ್ದುಗಳಿಗಿಂತ ಮುಂಚೆ ಹೇಳಬೇಕಾದದ್ದಿದೆ. ಕತ್ತಲ ಗಲ್ಲಿಯ ಅಪರಿಚಿತನನ್ನು ಮನಸ್ಸಿನಲ್ಲಿ ಇಟ್ಟುಕೊಂಡು ತಂದೆತಾಯಿಗಳು ನನ್ನ ಬಳಿ ಬರುತ್ತಾರೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರ್ಷವರ್ಷವೂ ಪ್ರಕಟಿಸುವ ಅಂಕಿಅಂಶಗಳಲ್ಲಿ ಅತ್ಯಾಚಾರ ಪ್ರಕರಣಗಳ ಪೈಕಿ ಶೇ 90ಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಸಂತ್ರಸ್ತೆಗೆ ಪರಿಚಿತನೇ ಆಗಿರುತ್ತಾನೆ. ಬಂಧು, ನೆರೆಯವನು, ಗೆಳೆಯ, ಮೇಲಧಿಕಾರಿ. ಇಂಥವನ ಎದುರು ಕೈ ಏಳುವುದಕ್ಕೂ ಮೊದಲು ಬಾಯಿ ಏಳಬೇಕು, ಅದೇ ಕಷ್ಟ. ತರಗತಿಯಲ್ಲಿ ತನಗಿಂತ ಹೆಚ್ಚು ತೂಕದ ಹುಡುಗನನ್ನು ಮ್ಯಾಟಿಗೆ ಎಸೆಯುವ ಹುಡುಗಿಯನ್ನು ನಿಲ್ಲಿಸಿ, “ಮಾವ, ಕೈ ತೆಗೆಯಿರಿ. ನನಗೆ ಇದು ಇಷ್ಟವಿಲ್ಲ” ಎಂದು ಕಣ್ಣಲ್ಲಿ ಕಣ್ಣಿಟ್ಟು ಗಟ್ಟಿಯಾಗಿ ಹೇಳು ಎನ್ನುತ್ತೇನೆ. ಮೊದಲ ಸಲ ಹೆಚ್ಚಿನವರ ದನಿ ಗಂಟಲಲ್ಲೇ ನಿಲ್ಲುತ್ತದೆ. ಕೆಲವರು ನಕ್ಕುಬಿಡುತ್ತಾರೆ, ಕೆಲವರು ನೆಲ ನೋಡುತ್ತಾರೆ. ಹಿರಿಯರ ಮುಂದೆ ದನಿ ಏರಿಸಬಾರದು ಎಂದು ಹುಟ್ಟಿದಾಗಿನಿಂದ ಕಲಿಸಿರುತ್ತೇವೆ, ಅದು ಒಂದು ದಿನದಲ್ಲಿ ಹೋಗುವುದಿಲ್ಲ. ಪಟ್ಟಿನಷ್ಟೇ ಶ್ರದ್ಧೆಯಿಂದ ಈ ಮಾತನ್ನೂ ಅಭ್ಯಾಸ ಮಾಡಿಸುತ್ತೇನೆ.

ಇದು ನನ್ನೊಬ್ಬನ ನಂಬಿಕೆ ಅಲ್ಲ. ಮನೋವಿಜ್ಞಾನಿ ಶಾರ್ಲೀನ್ ಸೆನ್ ಅವರ ತಂಡ ಕೆನಡಾದ ಮೂರು ವಿಶ್ವವಿದ್ಯಾಲಯಗಳ ಮೊದಲ ವರ್ಷದ ಸುಮಾರು 900 ವಿದ್ಯಾರ್ಥಿನಿಯರಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ 2015ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಕರಪತ್ರ ಕೊಟ್ಟರು, ಇನ್ನೊಂದಕ್ಕೆ 12 ಗಂಟೆಗಳ ತರಬೇತಿ ಕೊಟ್ಟರು. ಒಂದು ವರ್ಷದೊಳಗೆ ಅತ್ಯಾಚಾರಕ್ಕೆ ಒಳಗಾದವರು ಮೊದಲ ಗುಂಪಿನಲ್ಲಿ ಶೇ 9.8, ತರಬೇತಿ ಪಡೆದ ಗುಂಪಿನಲ್ಲಿ ಶೇ 5.2. ಆ ತರಬೇತಿಯಲ್ಲಿ ಮೈಯ ಪಾಠ ಒಂದು ಭಾಗ ಮಾತ್ರ. ಪರಿಚಿತನ ನಡವಳಿಕೆಯಲ್ಲಿ ಅಪಾಯ ಗುರುತಿಸುವುದು, ‘ಇವರಿಗೆ ಹೇಗೆ ಎದುರಾಡಲಿ’ ಎಂಬ ಒಳಗಿನ ತಡೆಯನ್ನು ದಾಟುವುದು, ತನಗೇನು ಬೇಕು ಬೇಡ ಎಂದು ಸ್ಪಷ್ಟವಾಗಿ ತಿಳಿದುಕೊಳ್ಳುವುದು ಉಳಿದ ಪಾಠಗಳು. ತಪ್ಪು ಎಂದಿಗೂ ಎಸಗಿದವನದೇ. ಇಷ್ಟು ಕಲಿಸಲು ಸಾಧ್ಯವಿದ್ದೂ ನಾವು ಕಲಿಸದಿದ್ದರೆ ಆ ಲೋಪ ನಮ್ಮದು. ಕಾಲೇಜುಗಳಲ್ಲಿ ಒಂದು ದಿನದ ಶಿಬಿರ ಮಾಡಿ, ಹೆಂಚು ಒಡೆದು ತೋರಿಸಿ, ಫೋಟೊ ತೆಗೆದು ಪ್ರಮಾಣಪತ್ರ ಹಂಚುವುದನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ. ಅದೇ ಹಣದಲ್ಲಿ, ಅದೇ ಸಭಾಂಗಣದಲ್ಲಿ ಮೂರು ಗಂಟೆಗಳ ನಾಲ್ಕು ಪಾಠ ಮಾಡಬಹುದು.

ಚಾಕು ತೋರಿಸಿ ಹಣ ಕೇಳಿದರೆ ಕೊಟ್ಟುಬಿಡಿ. ಚಾಕು ಕಸಿದುಕೊಳ್ಳುವ ಪಟ್ಟುಗಳನ್ನು ನಾನೂ ಬಲ್ಲೆ, ಬೇರೆ ದಾರಿಯೇ ಇಲ್ಲದಾಗ ಮಾತ್ರ ಅವು. ಬೈಕಿನಲ್ಲಿ ಬಂದವನು ಸರ ಎಳೆದರೆ ಹಿಡಿದು ಜಗ್ಗಬೇಡಿ, ರಸ್ತೆಯುದ್ದಕ್ಕೂ ಎಳೆದೊಯ್ಯುತ್ತಾನೆ.

ಕಾನೂನನ್ನೂ ತಿಳಿದಿರಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೆಯ ಕಲಮುಗಳು ಖಾಸಗಿ ರಕ್ಷಣೆಯ ಹಕ್ಕನ್ನು ವಿವರಿಸುತ್ತವೆ. ಮೊದಲ ಏಟು ಬೀಳುವವರೆಗೆ ಕಾಯಬೇಕಾಗಿಲ್ಲ. ಅಪಾಯದ ಸಕಾರಣ ಭಯ ಹುಟ್ಟಿದೊಡನೆ ಹಕ್ಕು ಶುರುವಾಗುತ್ತದೆ, ಆ ಭಯ ಇರುವವರೆಗೂ ಇರುತ್ತದೆ. ಅತ್ಯಾಚಾರ, ಅಪಹರಣ, ಆ್ಯಸಿಡ್ ದಾಳಿಯಂಥ ಸಂದರ್ಭಗಳಲ್ಲಿ ಅದು ದಾಳಿಕೋರನ ಸಾವಿನವರೆಗೂ ವಿಸ್ತರಿಸಬಹುದು. ಆದರೆ ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಪೆಟ್ಟು ಕೊಡುವ ಹಕ್ಕು ಯಾರಿಗೂ ಇಲ್ಲ. ಬಿದ್ದು ಸುಮ್ಮನಾದವನನ್ನು ಒದೆಯುತ್ತಾ ನಿಂತರೆ ನೀವೇ ಆರೋಪಿ. ಅದಕ್ಕಾಗಿ ನಮ್ಮಲ್ಲಿ ಎಸೆದ ಮೇಲೆ ಹಿಂದೆ ಸರಿದು, ಸುತ್ತ ನೋಡಿ, ಬಾಗಿಲ ಕಡೆಗೆ ಓಡಿ, 112ಕ್ಕೆ ಕರೆ ಮಾಡುವವರೆಗೂ ಅಭ್ಯಾಸ ಮಾಡಿಸುತ್ತೇವೆ.

ಇಷ್ಟು ತಿಳಿದು ತರಗತಿ ನೋಡಲು ಹೋಗಿ. ನೋಡಲು ಬಿಡುವುದಿಲ್ಲ ಎಂದರೆ ಅಲ್ಲಿಂದ ಹಾಗೆಯೇ ವಾಪಸಾಗಿ. ಪೂರ್ತಿ ಒಂದು ತರಗತಿ ಕುಳಿತು ನೋಡಿದಾಗ ಕೊನೆಯ ಅರ್ಧ ಗಂಟೆಯಲ್ಲಾದರೂ ಮಕ್ಕಳು ನಿಜವಾಗಿ ಸೆಣಸಬೇಕು; ಸೋತವರು ಅಂಜದೆ ಮತ್ತೆ ಏಳಬೇಕು. ಶಿಕ್ಷಕರು ಬೈಯುವ ಬಗೆ, ಮೈ ಮುಟ್ಟುವ ಬಗೆ ಗಮನಿಸಿ. ಮೂರು ತಿಂಗಳಿಗೊಮ್ಮೆ ಬೆಲ್ಟ್ ಪರೀಕ್ಷೆಯ ಶುಲ್ಕ ಕೇಳುವ ಕಡೆ, ಯಾರೂ ಎಂದೂ ಅನುತ್ತೀರ್ಣರಾಗದ ಕಡೆ ಬೆಲ್ಟಿಗೆ ಬೆಲೆಯಿಲ್ಲ. ಮನೆಗೆ ಹತ್ತಿರ ಇರುವ ಸಾಧಾರಣ ತರಗತಿ ಎರಡು ವರ್ಷ ನಡೆಯುತ್ತದೆ, ಒಂದು ಗಂಟೆ ಬಸ್ಸಿನಲ್ಲಿ ಹೋಗಬೇಕಾದ ಶ್ರೇಷ್ಠ ತರಗತಿ ಎರಡು ತಿಂಗಳಲ್ಲಿ ನಿಲ್ಲುತ್ತದೆ.

ಹತ್ತಿರದಲ್ಲಿ ಯಾವುದೂ ಇಲ್ಲದ ಊರಿನವರಿಗೆ ನಾನು ಕಬಡ್ಡಿ ಹೇಳುತ್ತೇನೆ, ಕೇಳಿದವರು ಅಚ್ಚರಿಪಡುತ್ತಾರೆ. ದಾಳಿಗೆ ಹೋದ ಆಟಗಾರ್ತಿ ಏಳು ಜನರ ನಡುವೆ ಒಬ್ಬಳೇ. ಕಣ್ಣು ಎಲ್ಲ ಕಡೆ ಆಡಬೇಕು. ಒಬ್ಬಳು ಕಾಲ ಹರಡು ಹಿಡಿಯುತ್ತಾಳೆ, ಇನ್ನೊಬ್ಬಳು ಸೊಂಟಕ್ಕೆ ಬೀಳುತ್ತಾಳೆ, ಯಾರೂ ಸುಮ್ಮನೆ ಬಿಟ್ಟುಕೊಡುವುದಿಲ್ಲ. ಅವರನ್ನೆಲ್ಲ ಕೆಡವಬೇಕೆಂದೇನೂ ಇಲ್ಲ. ಉಸಿರು ಹಿಡಿದು, ಕೊಸರಿಕೊಂಡು, ತನ್ನ ಗೆರೆಗೆ ಮರಳಿದರೆ ಗೆದ್ದಳು. ಹಿಡಿತ ಬಿಡಿಸಿಕೊಂಡು ಪಾರಾಗುವ ಇಂಥ ತಾಲೀಮನ್ನು ದುಬಾರಿ ಶುಲ್ಕದ ಎಷ್ಟೋ ತರಗತಿಗಳೂ ಕೊಡುವುದಿಲ್ಲ. ಹೊಡೆತದ ಪಾಠ ಅದರಲ್ಲಿಲ್ಲ, ಅದನ್ನು ಆಮೇಲೆ ಸೇರಿಸಿಕೊಳ್ಳಬಹುದು. ನಿಮ್ಮ ಊರಿನ ಸರ್ಕಾರಿ ಪ್ರೌಢಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರನ್ನು ಹೋಗಿ ಕೇಳಿ: ಹೆಣ್ಣುಮಕ್ಕಳ ತಂಡ ಇದೆಯೇ? ಇಲ್ಲದಿದ್ದರೆ, ನಾವು ಹದಿನಾಲ್ಕು ಮಕ್ಕಳನ್ನು ಕೂಡಿಸಿಕೊಟ್ಟರೆ ಸಂಜೆ ಕಲಿಸುತ್ತೀರಾ?